ಟಪಾಲಿನಲ್ಲಿ ಬಂದ ಅಮ್ಮ

೧೫ ಆಗಸ್ಟ್ ೧೯೫೪, ಭಾನುವಾರ

ಬೆಳಿಗ್ಗೆ ಶಾಲೆಯಲ್ಲಿ ಧ್ವಜವಂದನೆ, ಹೆಡ್‌ಮಾಸ್ತರರ ಮುಕ್ಕಾಲು ಗಂಟೆಯ ಭಾಷಣ, ಮಕ್ಕಳಿಗೆ ಬೂಂದಿ. ಅಲ್ಲಿಂದ ನೇರ ಮನೆಗೆ ಬರಬೇಕಾದವನು ಸೈಕಲ್ಲನ್ನು ಪೇಟೆಯ ಕಡೆ ತಿರುಗಿಸಿದೆ. ಗುಜರಿ ಕೆಂಪಯ್ಯ ರಜಾದಿನವೂ ಅಂಗಡಿ ತೆಗೆದಿರುತ್ತಾನೆ. ದಂಡಿನ ಕಡೆಯ ಇಂಗ್ಲಿಷರು ಮನೆ ಖಾಲಿ ಮಾಡಿ ಹೊರಟಾಗಿನಿಂದ ಅವರ ಹಿತ್ತಾಳೆ, ಕಂಚು ಎಲ್ಲ ಬಂದು ಬೀಳುವುದು ಅವನಲ್ಲಿಗೇ. ನನ್ನ ಹಡಗಿನ ಸಾಮಾನು ಮುಕ್ಕಾಲುಪಾಲು ಸಿಕ್ಕಿದ್ದೂ ಅಲ್ಲೇ: ಮಡಿಸುವ ದುರ್ಬೀನು, ನಾವಿಕರ ಸೀಟಿ, ಲಂಗರಿನ ಗುರುತಿನ ಹದಿನಾಲ್ಕು ಗುಂಡಿ, ಟೋಪಿಗೆ ಸುತ್ತುವ ಹಡಗಿನ ಹೆಸರಿನ ಪಟ್ಟಿ, ಹಡಗಿನ ಕಿಟಕಿಯ ಒಂದು ದುಂಡು ಚೌಕಟ್ಟು. ಎಲ್ಲವೂ ಮೊದಲನೆಯ ಮಹಾಯುದ್ಧದ ಆಸುಪಾಸಿನವು.

ಇಲ್ಲದಿರುವುದು ಒಂದೇ. ಆ ಯುದ್ಧದಲ್ಲಿ ಸತ್ತವನ ಮನೆಗೆ ಲಂಡನ್ನಿನಿಂದ ಒಂದು ಕಂಚಿನ ಬಿಲ್ಲೆ ಬರುತ್ತಿತ್ತಂತೆ. ಅಂಗೈಗಿಂತ ತುಸು ದೊಡ್ಡದು. ತ್ರಿಶೂಲ ಹಿಡಿದು ನಿಂತ ಬ್ರಿಟಾನಿಯ, ಅಂದರೆ ಸಮುದ್ರ ಆಳುವ ಅವರ ದೇವಿ. ಕಾಲ ಬಳಿ ಸಿಂಹ. ಅಕ್ಕಪಕ್ಕ ಎರಡು ಮೀನು. ಒಂದು ಚೌಕದೊಳಗೆ ಸತ್ತವನ ಹೆಸರು. ಹಡಗಿನವನೊಬ್ಬನ ಬಿಲ್ಲೆ ಸಿಕ್ಕಿಬಿಟ್ಟರೆ ನನ್ನ ಸಂಗ್ರಹ ಪೂರ್ತಿಯಾಗುತ್ತದೆ. ಹಳೆಯ ಇಂಗ್ಲಿಷ್ ವಾರಪತ್ರಿಕೆಯಿಂದ ಕತ್ತರಿಸಿದ ಚಿತ್ರವನ್ನು ಎರಡು ವರ್ಷದ ಹಿಂದೆಯೇ ಕೆಂಪಯ್ಯನಿಗೆ ಕೊಟ್ಟಿದ್ದೆ. ಇವತ್ತು ಅವನು ಬೀಡಿ ಕಚ್ಚಿಕೊಂಡೇ ಹೇಳಿದ: ಕೆಂಗೇರಿಯಲ್ಲಿ ಬೋರಮ್ಮ ಅಂತ ಒಬ್ಬ ಮುತ್ತೈದೆ ಇದ್ದಾಳಂತೆ, ಗಂಡ ಹಡಗಿನ ಕೆಲಸಕ್ಕೆ ಹೋದವನಂತೆ, ಅವಳ ಮನೆಯಲ್ಲಿ ಇದೇ ಬಿಲ್ಲೆ ಇದೆಯಂತೆ.

ಗಂಡ ಸತ್ತರೆ ಬರುವ ಬಿಲ್ಲೆ ಮುತ್ತೈದೆಯ ಮನೆಯಲ್ಲಿ ಹೇಗಿರುತ್ತದೆ? ಕೆಂಪಯ್ಯನಿಗೆ ತಲೆ ಕೆಟ್ಟಿದೆ.

ಮನೆಗೆ ಬಂದಾಗ ಅನ್ನ ಆರಿತ್ತು. ಸಮುದ್ರ ನೋಡಿದವರು ಹಡಗಿನ ಸಾಮಾನು ಕೂಡಿಡಲಿ, ದಾವಣಗೆರೆಯಲ್ಲಿ ಹುಟ್ಟಿ ರಾಜಾಜಿನಗರದಲ್ಲಿ ಭೂಗೋಳ ಹೇಳುವವರಿಗೆ ಯಾಕೆ ಬೇಕು ಎಂದು ಜಯದೇವಿ ಇಪ್ಪತ್ತು ವರ್ಷದ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿದಳು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದೂ ಸೇರಿಸಿದಳು. ನಾನು ಆರಿದ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಂಡೆ.

೨೨ ಆಗಸ್ಟ್, ಭಾನುವಾರ

ಕೆಂಪಯ್ಯನ ತಲೆ ಸರಿಯಾಗಿಯೇ ಇದೆ. ಕೆಟ್ಟಿರುವುದು ನನ್ನದು.

ಮೈಸೂರು ರೈಲಿನಲ್ಲಿ ಹೋಗಿ ಕೆಂಗೇರಿಯಲ್ಲಿ ಇಳಿದೆ. ಬೋರಮ್ಮನಿಗೆ ಐವತ್ತೆಂಟರ ಆಸುಪಾಸು. ಹಣೆಯಲ್ಲಿ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ. ಹಳೆಯ ದೇವರ ಸಾಮಾನು ನೋಡುವ ಆಸೆ ಎಂದು ಸುಳ್ಳು ಹೇಳಿದೆ. ಕಾಲು ತೊಳೆದುಕೊಂಡು ಬನ್ನಿ ಎಂದಳು. ದೇವರ ಗೂಡಿನಲ್ಲಿ, ಎರಡು ದೀಪದ ನಡುವೆ, ಮಲ್ಲಿಗೆ ಮುಡಿಸಿಕೊಂಡು, ಅರಿಶಿನ ಕುಂಕುಮ ಬಳಿಸಿಕೊಂಡು ಬ್ರಿಟಾನಿಯ ನಿಂತಿದ್ದಾಳೆ!

“ನಮ್ಮಮ್ಮ ಚಾಮುಂಡಿ” ಎಂದಳು ಬೋರಮ್ಮ. “ಟಪಾಲಲ್ಲಿ ಬಂದ್ಲು.”

ಗಂಡ ಕೆಂಚಪ್ಪ ಕೆಂಗೇರಿ ಸ್ಟೇಷನ್ನಿನಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ. ಸಾಹೇಬನೊಬ್ಬ ಯುದ್ಧದ ಕಾಲದಲ್ಲಿ ಅವನನ್ನು ಬೊಂಬಾಯಿಗೆ ಕರೆದುಕೊಂಡು ಹೋಗಿ ಸಮುದ್ರದಾಚೆಯ ಬಸ್ರಾಕ್ಕೆ ಸಾಗಿಸಿದ. ಅಲ್ಲಿ ನದಿಯ ಮೇಲೆ ಓಡುವ ಹಬೆ ಹಡಗಿಗೂ ಕಲ್ಲಿದ್ದಲು ಹಾಕುವ ಕೆಲಸವೇ. ಎರಡು ಕಾಗದ ಬಂದವು, ಆಮೇಲೆ ಸುದ್ದಿ ಇಲ್ಲ. ಯುದ್ಧ ಮುಗಿದು ಎರಡು ವರ್ಷಕ್ಕೆ ಈ ಬಿಲ್ಲೆ ಬಂತು. ಮಾವ ಬಿಚ್ಚಿ ನೋಡಿದ, ತ್ರಿಶೂಲ, ಸಿಂಹ. ಮಗ ಕ್ಷೇಮವಾಗಿದ್ದಾನೆ, ಅಮ್ಮನನ್ನು ಕಳಿಸಿದ್ದಾನೆ ಎಂದು ಬೀದಿಗೆಲ್ಲ ಸಾರಿದ. ಜೊತೆಯಲ್ಲಿ ಬಂದ ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡವನು ಸಾಯುವವರೆಗೆ ಯಾರಿಗೂ ತೋರಿಸಲಿಲ್ಲವಂತೆ.

ಆ ಮುದುಕನಿಗೆ ಗೊತ್ತಿತ್ತೇ? ಗೊತ್ತಿದ್ದೂ ಸೊಸೆಯ ಕುಂಕುಮ ಉಳಿಸಿದನೇ? ಅಥವಾ ಅವನಿಗೂ ಅದು ಚಾಮುಂಡಿಯೇ? ಕೇಳೋಣವೆಂದರೆ ಅವನಿಲ್ಲ. ಬದಲಿಗೆ ಒಳ್ಳೆಯ ಹಿತ್ತಾಳೆ ದೀಪ ಕೊಟ್ಟು ಬಿಲ್ಲೆ ತರಬೇಕೆಂದು ಹೊರಟಿದ್ದವನು ಬೆಲ್ಲ, ಬಾಳೆಹಣ್ಣು ಪ್ರಸಾದ ತಿಂದು ಬಂದೆ.

೨೫ ಆಗಸ್ಟ್, ಬುಧವಾರ

ತರಗತಿಯಲ್ಲಿ ನದಿಗಳ ಪಾಠ. ಗೋದಾವರಿ ಎಲ್ಲಿ ಸಮುದ್ರ ಸೇರುತ್ತದೆ ಎಂದು ಹೇಳುವಾಗ ಬಸ್ರಾದಲ್ಲಿ ಎಂದುಬಿಟ್ಟೆ. ಮಕ್ಕಳು ನಕ್ಕರು. ನಾನೂ ನಗಬೇಕಾಯಿತು.

೫ ಸೆಪ್ಟೆಂಬರ್, ಭಾನುವಾರ

ಮತ್ತೆ ಕೆಂಗೇರಿ. ಬೋರಮ್ಮ ಪ್ರತಿ ಶುಕ್ರವಾರ ಹುಣಸೆಹಣ್ಣು, ಬೂದಿ ಹಾಕಿ ಅಮ್ಮನನ್ನು ತಿಕ್ಕಿ ತೊಳೆಯುತ್ತಾಳೆ. ಮೂವತ್ತನಾಲ್ಕು ವರ್ಷ ತಿಕ್ಕಿದರೆ ಕಂಚಾದರೂ ಎಷ್ಟು ತಡೆಯುತ್ತದೆ? ದೇವಿಯ ಮೂಗು ಹೋಗಿದೆ, ಅಕ್ಷರಗಳು ನುಣ್ಣಗಾಗಿವೆ. ಕಣ್ಣಿಗೆ ಸಿಗದ ಅಕ್ಷರ ಪೆನ್ಸಿಲಿಗೆ ಸಿಗುತ್ತದೆ. ಸವೆದ ನಾಣ್ಯಗಳನ್ನು ನಾನು ಓದುವುದು ಹೀಗೆಯೇ. ಅಮ್ಮನ ಪಟ ಮಾಡಿಕೊಳ್ಳುತ್ತೇನೆ ಎಂದು ಕೇಳಿದೆ. ಅವಳಿಗೆ ಬಹಳ ಸಂತೋಷವಾಯಿತು, ತಾನೇ ಒರೆಸಿ ಕೊಟ್ಟಳು. ತೆಳು ಕಾಗದ ಹೊದಿಸಿ ಪೆನ್ಸಿಲನ್ನು ಅಡ್ಡಲಾಗಿ ಉಜ್ಜಿದೆ.

ಬಂತು. ಸುತ್ತ ಇಂಗ್ಲಿಷಿನಲ್ಲಿ: ಸ್ವಾತಂತ್ರ್ಯಕ್ಕಾಗಿ, ಮಾನಕ್ಕಾಗಿ ಇವನು ಮಡಿದನು. ಚೌಕದಲ್ಲಿ: ಕೆಂಚಪ. ಒಂದು ‘ಪ’ ಬಿಟ್ಟಿದ್ದಾರೆ, ಆದರೂ ಕೆಂಚಪ್ಪನೇ. ಯಾರ ಸ್ವಾತಂತ್ರ್ಯವೋ ಆ ಶಿವನಿಗೇ ಗೊತ್ತು.

ಕಾಗದ ಮಡಿಸಿ ಜೇಬಿಗಿಟ್ಟೆ. ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಬೋರಮ್ಮನ ತಂಗಿ ಮುನಿಲಕ್ಷ್ಮಮ್ಮ. ಬೋಳು ಹಣೆ, ಬರಿಗೈ. ಗಂಡ ತೀರಿಕೊಂಡು ಇಪ್ಪತ್ತು ವರ್ಷವಂತೆ. ಪಕ್ಕದ ಮನೆಯಲ್ಲಿ ಮಗ ಮುನಿರಾಜುವಿನ ಜೊತೆ ಇದ್ದಾಳೆ. ಊರಿನ ಯಾವ ಮದುವೆಯಾದರೂ ಹುಡುಗಿಗೆ ಮೊದಲ ಅರಿಶಿನ ಹಚ್ಚಲು ಅಕ್ಕನನ್ನೇ ಕರೆಯುತ್ತಾರೆ ಎಂದು ಹೇಳಿದ್ದು ಅವಳೇ. ಸಮುದ್ರದಾಚೆಯ ಗಂಡನನ್ನು ಅಮ್ಮ ಕಾಯುತ್ತಿದ್ದಾಳಲ್ಲ, ಇಂಥ ಗಟ್ಟಿ ಮುತ್ತೈದೆ ಬೇರೆ ಯಾರಿದ್ದಾರೆ ಎಂದು. ಹೇಳುವಾಗ ಅವಳಿಗೆ ಹೆಮ್ಮೆ.

೬ ಸೆಪ್ಟೆಂಬರ್, ಸೋಮವಾರ

ಬಿಸಿ ತುಪ್ಪ ಬಾಯಿಗೆ ಬಿದ್ದಿದೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಆ ಹೆಂಗಸಿನ ಕುಂಕುಮ ಹೋಗುತ್ತದೆ. ಹೇಳದಿದ್ದರೆ ಸತ್ತವನೊಬ್ಬ ಮೂವತ್ತೈದು ವರ್ಷದಿಂದ ಸತ್ತೂ ಸಾಯದೆ ಅಲೆಯುತ್ತಿರುತ್ತಾನೆ, ಅವನಿಗೊಂದು ಕರ್ಮವಿಲ್ಲ, ಎಡೆಯಿಲ್ಲ. ಜಯದೇವಿಗೆ ಎಲ್ಲ ಹೇಳಿದೆ. ಸತ್ಯ ಸತ್ಯವೇ, ಹೇಳುವುದು ನನ್ನ ಧರ್ಮ ಎಂದೆ.

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. “ಖರೆ ಅಂತ ಹೇಳ್ತೀರೋ, ಬಿಲ್ಲೆ ಬೇಕಂತ ಹೇಳ್ತೀರೋ? ಮೊದ್ಲು ಅದನ್ನ ನೋಡ್ಕೊಳ್ರಿ.”

ಸಿಟ್ಟು ಬಂತು. ಅದು ದೇವರಲ್ಲ ಎಂದು ಗೊತ್ತಾದರೆ ಬೋರಮ್ಮ ಅದನ್ನು ನನಗೇ ಕೊಟ್ಟುಬಿಡುತ್ತಾಳೆ ಎಂಬ ಲೆಕ್ಕ ರೈಲಿನಲ್ಲೇ ಹಾಕಿದ್ದೆ. ಅದು ಇವಳಿಗೆ ಹೇಗೆ ತಿಳಿಯಿತು?

೧೯ ಸೆಪ್ಟೆಂಬರ್, ಭಾನುವಾರ

ಕೆಂಗೇರಿಗೆ ಹೋಗಲಿಲ್ಲ. ಪೆಟ್ಟಿಗೆಯ ಸಾಮಾನನ್ನೆಲ್ಲ ಹೊರಗಿಟ್ಟು ಒರೆಸಿದೆ. ದುರ್ಬೀನಿನ ಕೊಳವೆಯ ಮೇಲೆ ಸಣ್ಣಗೆ ಒಂದು ಹೆಸರು ಕೊರೆದಿದೆ, ಆರು ವರ್ಷದಿಂದ ನನ್ನ ಬಳಿಯೇ ಇದೆ. ಆ ಹೆಸರಿನವನು ಬದುಕಿ ಮನೆ ಸೇರಿದನೋ ಇಲ್ಲವೋ ಎಂದು ಇವತ್ತು ಯೋಚನೆ ಬಂತು. ಇಂಥದ್ದೆಲ್ಲ ಯೋಚಿಸಲು ಕುಳಿತರೆ ಯಾರೂ ಏನನ್ನೂ ಕೂಡಿಡಲಾರರು. ಎಲ್ಲ ಒಳಗಿಟ್ಟು ಬೀಗ ಹಾಕಿದೆ.

೬ ಅಕ್ಟೋಬರ್, ಬುಧವಾರ, ಆಯುಧಪೂಜೆ

ಜಯದೇವಿ ಈಳಿಗೆಮಣೆ, ನನ್ನ ಸೈಕಲ್ಲು ತೊಳೆಯುವ ಭರದಲ್ಲಿ ಪೆಟ್ಟಿಗೆಯ ಬೀಗ ತೆಗೆದು ನಾವಿಕರ ಸೀಟಿಯನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿಬಿಟ್ಟಿದ್ದಾಳೆ. ಮೂವತ್ತೆಂಟು ವರ್ಷದ ಕಪ್ಪು ಬಣ್ಣ ಹೋಗಿ ಫಳಫಳ ಹೊಳೆಯುತ್ತಿದೆ. ಹಳೆಯ ವಸ್ತುವಿಗೆ ಆ ಬಣ್ಣವೇ ಬೆಲೆ, ಹೋದ ವರ್ಷವಾಗಿದ್ದರೆ ಆಕಾಶ ಭೂಮಿ ಒಂದು ಮಾಡುತ್ತಿದ್ದೆ. ಮೈ ಹುಷಾರಿಲ್ಲವೇ ಎಂದು ಅವಳೇ ಕೇಳಿದಳು. ಸೀಟಿಗೆ ವಿಭೂತಿ ಹಚ್ಚಿ ಹೂವಿಟ್ಟೆವು. ಊದಿದರೆ ದನಿ ಮೊದಲಿಗಿಂತ ಚೆನ್ನಾಗಿ ಬರುತ್ತದೆ.

೧೭ ಅಕ್ಟೋಬರ್, ಭಾನುವಾರ

ಮುನಿರಾಜುವಿನ ಮಗಳು ಯಶೋದೆಗೆ ಮದುವೆ ಗೊತ್ತಾಗಿದೆ, ಬಿಡದಿಯ ಕಡೆಯ ಹುಡುಗ. ಮುಂದಿನ ತಿಂಗಳ ಇಪ್ಪತ್ತೆಂಟಕ್ಕೆ. ಎಲೆ ಅಡಿಕೆ, ಹೂವು ತೆಗೆದುಕೊಂಡು ಹೋಗಿದ್ದೆ. ಹೋದ ಮೇಲೆ ಹೇಳಿಯೇಬಿಡುವುದು ಎಂದಿದ್ದೆ, ಆಗಲಿಲ್ಲ. ಬೋರಮ್ಮ ಅಕ್ಕಿ ಆರಿಸುತ್ತಾ, ತಂಗಿಯ ಮೊಮ್ಮಗಳಿಗೆ ಮೊದಲ ಅರಿಶಿನ ತಾನೇ ಹಚ್ಚುವುದು ಎಂದಳು. ಮುನಿಲಕ್ಷ್ಮಮ್ಮ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು. ಮದುವೆಯ ದಿನ ನೀವೆಲ್ಲಿರುತ್ತೀರಿ ಎಂದು ಅವಳನ್ನು ಸುಮ್ಮನೆ ಕೇಳಿದೆ.

“ಇನ್ನೆಲ್ಲಿ, ಹಿತ್ಲಲ್ಲಿ. ಅಡಿಗೆ ಒಲೆ ನೋಡ್ಕೊಬೇಕಲ್ಲ” ಎಂದಳು.

ವಾಪಸ್ಸು ಬರುವಾಗ ರೈಲಿನಲ್ಲಿ ಅವ್ವನ ನೆನಪಾಯಿತು. ಅಪ್ಪ ತೀರಿಕೊಂಡ ಮೇಲೆ ಆದ ನನ್ನ ಮದುವೆಯ ದಿನ ಅವ್ವನೂ ಒಲೆಯ ಮುಂದೆಯೇ ಇದ್ದಳು. ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಬಾಯಲ್ಲಿ ಹೇಳುವವರು, ಲಿಂಗ ಕಟ್ಟಿದವರು ನಾವು. ಅಕ್ಷತೆ ಹಾಕಲು ಅವ್ವ ಬಂದಳೇ? ಎಷ್ಟು ಯೋಚಿಸಿದರೂ ಅವಳ ಮುಖ ಅಲ್ಲಿ ಕಾಣುವುದಿಲ್ಲ. ಜಯದೇವಿಯನ್ನು ಕೇಳಿದರೆ, ಈಗ ಕೇಳ್ತಾ ಇದೀರಾ ಎಂದಳು. ಅದು ಉತ್ತರವೋ ಬೈಗುಳವೋ ಅರ್ಥವಾಗಲಿಲ್ಲ.

೭ ನವೆಂಬರ್, ಭಾನುವಾರ

ಇವತ್ತಿನದು ಬರೆಯಲು ನಾಚಿಕೆಯಾಗುತ್ತದೆ.

ಮುನಿರಾಜುವಿನ ಮನೆಗೆ ಹೋದಾಗ ಹುಡುಗನ ದೊಡ್ಡಪ್ಪ ವೆಂಕಟರಮಣಪ್ಪ ಬಿಡದಿಯಿಂದ ಬಂದಿದ್ದರು. ಮೀಸೆ, ರುಮಾಲು, ಅಳೆದು ತೂಗಿ ಮಾತು. ಯಾರೋ ಅವರ ಕಿವಿ ಊದಿದ್ದಾರೆ. ಗಂಡ ಹೋಗಿ ಮೂವತ್ತೆಂಟು ವರ್ಷವಾದ ಹೆಂಗಸನ್ನು ಮುತ್ತೈದೆ ಅನ್ನುವುದು ಹೇಗೆ, ನಮ್ಮ ಸೊಸೆಗೆ ಮೊದಲ ಕೈ ಯಾರದು ಎಂಬುದು ನಮಗೂ ಗೊತ್ತಾಗಬೇಕಲ್ಲ ಎಂದು ಶುರುಮಾಡಿದರು. ಮುನಿರಾಜುವಿನ ಮುಖ ಬಾಡಿತು. ಬಿಲ್ಲೆಯ ಮೇಲೆ ಇಂಗ್ಲಿಷ್ ಇದೆಯಂತಲ್ಲ, ಮೇಷ್ಟ್ರು ಇಲ್ಲೇ ಇದ್ದಾರೆ, ಓದಿ ಹೇಳಲಿ ಎಂದರು. ಬೋರಮ್ಮ ಅಮ್ಮನನ್ನು ತಂದು ನನ್ನ ಕೈಗಿಟ್ಟಳು.

ಎಲ್ಲರೂ ನೋಡುತ್ತಿದ್ದರು. ನಾನು ಕನ್ನಡಕ ಒರೆಸಿದೆ, ಬಿಸಿಲಿಗೆ ಹಿಡಿದೆ, ತಿರುಗಿಸಿದೆ. “ಅಕ್ಷರ ಸವೆದು ಹೋಗಿದೆ. ಓದೋಕಾಗಲ್ಲ” ಎಂದೆ.

ಬಿಲ್ಲೆಯ ಮಟ್ಟಿಗೆ ಅದು ಸುಳ್ಳಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅಂದರೆ ಇದೇ. ವೆಂಕಟರಮಣಪ್ಪ ಹುಂ ಎಂದು ಎದ್ದರು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಬೋರಮ್ಮ ಮಾತ್ರ ನನ್ನ ಅಂಗಿಯ ಜೇಬನ್ನೇ ನೋಡುತ್ತಿದ್ದಳು.

೧೦ ನವೆಂಬರ್, ಬುಧವಾರ

ಸಂಜೆ ಶಾಲೆಯಿಂದ ಬಂದರೆ ಬೋರಮ್ಮ ನಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದಾಳೆ! ರೈಲಿಳಿದು, ಹಡಗಿನ ಮೇಷ್ಟ್ರ ಮನೆ ಎಲ್ಲಿ ಎಂದು ಬ್ಲಾಕು ಬ್ಲಾಕು ಕೇಳಿಕೊಂಡು ನಡೆದೇ ಬಂದಿದ್ದಾಳೆ. ಜಯದೇವಿ ಮಜ್ಜಿಗೆ ಕೊಟ್ಟಿದ್ದಳು. ಮಡಿಲಿನಿಂದ ಬಟ್ಟೆಯ ಗಂಟು ತೆಗೆದು ಬಿಲ್ಲೆಯನ್ನು ನನ್ನ ಮುಂದಿಟ್ಟಳು.

“ಮೇಷ್ಟ್ರೇ, ಆವತ್ತು ಪೆನ್ಸಿಲಲ್ಲಿ ಉಜ್ಜಿದ್ರಲ್ಲ. ಆ ಕಾಗದದಾಗೆ ಏನು ಬಂತು?”

ಏನೂ ಬರಲಿಲ್ಲ ಎನ್ನಲು ಬಾಯಿ ತೆರೆದೆ. ಜಯದೇವಿ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಕಾಗದ ತಂದು ಬೆರಳಿಟ್ಟು ಓದಿ, ಅರ್ಥ ಹೇಳಿದೆ. ಇದು ಚಾಮುಂಡಿಯಲ್ಲ ಎಂಬುದನ್ನೂ ಹೇಳಿದೆ. ಬೋರಮ್ಮ ಅಳಲಿಲ್ಲ. ಹೆಸರು ಯಾವುದು ಎಂದು ತೋರಿಸಿಕೊಂಡು ಅದರ ಮೇಲೆ ಕೈಯಾಡಿಸಿದಳು, ಬೆರಳಿಗೆ ಪೆನ್ಸಿಲಿನ ಕಪ್ಪು ಹತ್ತಿತು. ಸತ್ತ ದಿನ ಬರೆದಿದೆಯೇ ಎಂದಳು. ಇಲ್ಲ ಎಂದೆ. ಹಡಗು ಮುಳುಗಿತೋ, ಜ್ವರ ಬಂತೋ? ಅದೂ ಇಲ್ಲ. ಅಂಥದೊಂದು ಅನುಮಾನ ಯಾವತ್ತೋ ಒಳಹೊಕ್ಕಿತ್ತು, ಹೊರಗೆ ಬಿಟ್ಟಿರಲಿಲ್ಲ ಎಂದಳು.

ಆಮೇಲೆ ಅವಳು ಮಾಡಿದ್ದು ನನಗೆ ತಿಳಿಯಲಿಲ್ಲ. ಬೆರಳು ಮಡಿಸಿ ಎಣಿಸಲು ಶುರುಮಾಡಿದಳು. ತಾನು ಮೊದಲ ಅರಿಶಿನ ಹಚ್ಚಿದ ಹುಡುಗಿಯರು. ಮಾಗಡಿಗೆ ಕೊಟ್ಟವಳಿಗೆ ಐದು ಮಕ್ಕಳು, ಅತ್ತಿಗುಪ್ಪೆಯವಳು ಮೊಮ್ಮಗನನ್ನು ಕಂಡಿದ್ದಾಳೆ, ಕಾಮಾಕ್ಷಿಪಾಳ್ಯದವಳ ಗಂಡ ಕುಡಿಯುತ್ತಿದ್ದವನು ಬಿಟ್ಟಿದ್ದಾನೆ, ಒಬ್ಬಳು ಹೆರಿಗೆಯಲ್ಲಿ ಹೋದಳು. ಒಟ್ಟು ಮೂವತ್ತೆಂಟು ಹುಡುಗಿಯರಾದರು.

“ಎಲ್ಲಾರ ಮನೇಲೂ ಆಗೋ ಅಷ್ಟೇ ಆಗೈತೆ” ಎಂದಳು. ನನಗಲ್ಲ, ಜಯದೇವಿಗೆ. ಜಯದೇವಿ ತಲೆಯಾಡಿಸಿದಳು. ಇಬ್ಬರಿಗೂ ಏನೋ ಅರ್ಥವಾಗಿತ್ತು, ನನಗೆ ಆಗಲಿಲ್ಲ.

ಹೊರಡುವಾಗ ಬಿಲ್ಲೆ ನಿಮಗೇ ಬೇಕಿತ್ತಲ್ಲ, ಇಟ್ಕೊಳ್ಳಿ ಎಂದಳು, ಜಯದೇವಿ ಹೇಳಿರಬೇಕು. ಎರಡು ವರ್ಷದಿಂದ ಹುಡುಕಿದ್ದು, ಕೈಯಲ್ಲಿತ್ತು. ನಾನು ಅದನ್ನು ಅದೇ ಬಟ್ಟೆಯಲ್ಲಿ ಸುತ್ತಿ ವಾಪಸ್ಸು ಅವಳ ಮಡಿಲಿಗೆ ಹಾಕಿ, ಸ್ಟೇಷನ್ನಿನವರೆಗೆ ಬಿಟ್ಟು ಬಂದೆ. ಯಾಕೆಂದು ಈಗಲೂ ಗೊತ್ತಿಲ್ಲ. ಹೊಟ್ಟೆಯುರಿಯೂ ಆಗುತ್ತಿದೆ. ಅವಳು ಕುಂಕುಮ ಅಳಿಸಿಕೊಳ್ಳುತ್ತಾಳೋ, ಮದುವೆಗೆ ಬರುತ್ತಾಳೋ, ಮದುವೆಯೇ ನಿಲ್ಲುತ್ತದೋ? ಹೇಳಬಾರದಿತ್ತು. ಹೇಳದೆ ಇರುವುದಾದರೂ ಹೇಗಿತ್ತು?

೧೮ ನವೆಂಬರ್, ಗುರುವಾರ

ಸುದ್ದಿ ಇಲ್ಲ. ಊಟ ರುಚಿಸುವುದಿಲ್ಲ.

೨೭ ನವೆಂಬರ್, ಶನಿವಾರ

ಮದುವೆ ನಿಲ್ಲಲಿಲ್ಲ. ಮೊದಲು ಅದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಬರೆಯಲು ಕೈ ಓಡುವುದಿಲ್ಲ.

ಇವತ್ತು ಚಪ್ಪರದ ಶಾಸ್ತ್ರ. ಅರ್ಧ ದಿನ ರಜೆ ಹಾಕಿ ಜಯದೇವಿಯನ್ನೂ ಕರೆದುಕೊಂಡು ಹೋದೆ. ಮುನಿರಾಜುವಿನ ಮನೆ ಮುಂದೆ ಚಪ್ಪರ, ಎರಡೂ ಕಡೆಯ ನೆಂಟರು, ಮುಂದಿನ ಚಾಪೆಯಲ್ಲಿ ವೆಂಕಟರಮಣಪ್ಪ. ಬೋರಮ್ಮ ಬಂದಳು. ಹಣೆಯಲ್ಲಿ ಕುಂಕುಮ ಹಾಗೆಯೇ ಇತ್ತು. ಎಲ್ಲ ಮರೆತು ಮೊದಲಿನ ಹಾಗೆಯೇ ನಡೆಸಿಕೊಂಡು ಹೋಗುತ್ತಾಳೆ, ಸದ್ಯ ಎಂದುಕೊಂಡೆ.

ಯಶೋದೆಯನ್ನು ಹಸೆಮಣೆಯ ಮೇಲೆ ಕೂರಿಸಿದರು. ಮೊದಲ ಅರಿಶಿನಕ್ಕೆ ಬೋರಮ್ಮನನ್ನು ಕರೆದರು. ಅವಳು ಬಟ್ಟಲು ತೆಗೆದುಕೊಂಡಳು, ಹುಡುಗಿಯ ಹತ್ತಿರ ಹೋಗಲಿಲ್ಲ. ಹಿತ್ತಲ ಬಾಗಿಲಿಗೆ ತಿರುಗಿ, ಲೇ ಮುನಿಲಕ್ಷ್ಮೀ, ಬಾ ಇಲ್ಲಿ ಎಂದು ಕೂಗಿದಳು. ಮುನಿಲಕ್ಷ್ಮಮ್ಮ ಒಲೆ ಹೊಗೆಗೆ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತಾ ಬಾಗಿಲವರೆಗೆ ಬಂದು, ಹೊಸಿಲ ಒಳಗೇ ನಿಂತಳು.

ಬೋರಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, ದನಿ ಏರಿಸಲಿಲ್ಲ. “ನಮ್ಮ ಯಜಮಾನ್ರು ಬಸ್ರಾದಾಗೇ ಹೋಗ್ಬಿಟ್ಟವ್ರೆ. ಮೂವತ್ತೈದು ವರ್ಸದ ಮ್ಯಾಲಾಯ್ತು. ಆ ಬಿಲ್ಲೆ ಮ್ಯಾಲೆ ಬರ್ದೈತೆ, ಮೇಷ್ಟ್ರು ಓದವ್ರೆ.”

ವೆಂಕಟರಮಣಪ್ಪ ನನ್ನ ಕಡೆ ತಿರುಗಿದರು. ಆವತ್ತು ಓದೋಕಾಗಲ್ಲ ಅಂದ್ರಲ್ಲ ಎಂದರು.

“ಸುಳ್ಳು ಹೇಳಿದೆ” ಎಂದೆ. “ಅವರು ಹೇಳಿದ್ದು ನಿಜ.” ಇಷ್ಟು ಗಟ್ಟಿಯಾಗಿ ನಾನು ಯಾವತ್ತೂ ಏನನ್ನೂ ಹೇಳಿದ ನೆನಪಿಲ್ಲ.

ಬೋರಮ್ಮ ಮುಂದುವರಿಸಿದಳು. “ಈ ಊರಾಗೆ ಮೂವತ್ತೆಂಟು ಹೆಣ್ಮಕ್ಕಳಿಗೆ ಮೊದಲ ಅರಿಶಿನ ಹಚ್ಚಿದ್ದು ಗಂಡ ಸತ್ತೋಳ ಕೈ. ಹೆರಿಗೇಲಿ ಹೋದ ಒಬ್ಬಳು ಬಿಟ್ರೆ ಅವರೆಲ್ಲಾ ಮಕ್ಕಳು ಮರಿ ಮಾಡ್ಕೊಂಡು ಚೆನ್ನಾಗವ್ರೆ, ಎಷ್ಟೋ ಜನ ಇಲ್ಲೇ ಕುಂತವ್ರೆ. ನನ್ನ ಕೈ ಮುಟ್ಟಿ ಕೆಡದೇ ಇದ್ದದ್ದು ಇವಳ ಕೈ ಮುಟ್ಟಿದ್ರೆ ಕೆಡ್ತದಾ? ಎತ್ತಿ ಆಡ್ಸಿದ ಅಜ್ಜಿ ಇವಳು.”

ಆಗ ನನಗೆ ಆವತ್ತಿನ ಎಣಿಕೆ ತಿಳಿಯಿತು. ಹದಿನೇಳು ದಿನ ತಡವಾಗಿ. ನಾನು ಅವಳ ಕುಂಕುಮದ ಚಿಂತೆ ಮಾಡುತ್ತಿದ್ದೆ, ಅವಳು ತಂಗಿಯ ಚಿಂತೆ ಮಾಡುತ್ತಿದ್ದಳು. ಜಯದೇವಿ ಮೆಲ್ಲಗೆ ಅಳುತ್ತಿದ್ದಳು. ವೆಂಕಟರಮಣಪ್ಪ ರುಮಾಲು ತೆಗೆದು ಮತ್ತೆ ಸುತ್ತಿಕೊಂಡರು, ಹುಡುಗನ ತಾಯಿಯ ಕಡೆ ನೋಡಿದರು. ಆಕೆ ತಲೆ ತಗ್ಗಿಸಿದರು, ಬೇಡ ಎನ್ನಲಿಲ್ಲ. ಬೇಕು ಎಂದೂ ಯಾರ ಬಾಯಿಂದಲೂ ಬರಲಿಲ್ಲ.

ಬೋರಮ್ಮ ಹೋಗಿ ತಂಗಿಯ ರಟ್ಟೆ ಹಿಡಿದು ಹೊಸಿಲು ದಾಟಿಸಿದಳು. ಮುನಿಲಕ್ಷ್ಮಮ್ಮ ಬೇಡ ಕಣಕ್ಕ, ಬೇಡ ಕಣಕ್ಕ ಎನ್ನುತ್ತಲೇ ಬಂದಳು. ಬಟ್ಟಲಿಗೆ ಬೆರಳದ್ದಿದವಳು ಹಾಗೆಯೇ ನಿಂತುಬಿಟ್ಟಳು. ಆಗ ಯಶೋದೆ ಮಣೆಯ ಮೇಲಿಂದ ಬಗ್ಗಿ, ಅಜ್ಜಿಯ ಕೈ ಎಳೆದು ತನ್ನ ಕೆನ್ನೆಗೆ ಒತ್ತಿಕೊಂಡಳು. ಮುದುಕಿಯ ಕೈ ಎಷ್ಟು ನಡುಗುತ್ತಿತ್ತೆಂದರೆ ಅರಿಶಿನ ಕೆನ್ನೆಗಿಂತ ಕಣ್ಣಿಗೇ ಹೆಚ್ಚು ಹೋಯಿತು. ಹುಡುಗಿ ಕಣ್ಣುಜ್ಜಿಕೊಂಡು, ನೀರು ಸುರಿಸುತ್ತಲೇ ಮುಖ ತಿರುಗಿಸಿ ಹಿಡಿದಳು.

“ಇನ್ನೊಂದು ಕೆನ್ನೆ ಹಂಗೇ ಐತೆ, ಅಜ್ಜಿ” ಎಂದಳು.